ಟವೆಲ್ ಸುತ್ತಿದ ಸುತ್ತಿಗೆ

ನನ್ನ ತಗಡು ಮಾವನಿಗೆ,

ನಿಮ್ಮ ಇಂಚು ತಲೆ ತಗ್ಗಿಸಿಕೊಂಡು ಮಾಡುವ ನಮಸ್ಕಾರ.

ನಾಲ್ಕು ಹಾಳೆ ಹರಿದು ಹಾಕಿದ್ದೇನೆ, ಇದು ಐದನೆಯದು. ಇಂಗ್ಲಿಷ್ ಶಾಲೆಯಲ್ಲಿ ಓದಿದವಳಲ್ಲವೇ, 'ಸಾರಿ' ಅನ್ನುವ ಪದ ನನ್ನ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತದೆ. ಬಸ್ಸಿನಲ್ಲಿ ಯಾರದೋ ಕಾಲು ತುಳಿದರೆ ಸಾರಿ, ಕಚೇರಿಯಲ್ಲಿ ಯಾರದೋ ಪೆನ್ನು ಬೀಳಿಸಿದರೆ ಸಾರಿ. ಮೊದಲ ಎರಡು ಹಾಳೆಗಳ ತುಂಬ ಅದನ್ನೇ ಬರೆದಿದ್ದೆ. ಓದಿ ನೋಡಿದರೆ ನಿಮ್ಮ ಕಾಲು ತುಳಿದವಳು ಬರೆದ ಹಾಗಿತ್ತು. ನಾನು ತುಳಿದದ್ದು ನಿಮ್ಮ ಕಾಲನ್ನಲ್ಲ. ಅದಕ್ಕೇ ಈಗ ನಮ್ಮ ಮಾತಿನಲ್ಲೇ, ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ಒತ್ತು, ದೀರ್ಘ ತಪ್ಪಿದ್ದರೆ ನಕ್ಕುಬಿಡಿ. ಉಳಿದ ತಪ್ಪಿಗೆ ನಗಬೇಡಿ.

ಮದುವೆಯಾಗಿ ಇವತ್ತಿಗೆ ನೂರಾ ಹತ್ತು ದಿನ. ಹೌದು, ಎಣಿಸುತ್ತಿದ್ದೇನೆ! 'ನನ್ನ ಗಂಡ' ಎಂದು ಯಾರಿಗಾದರೂ ಹೇಳುವಾಗ ಇನ್ನೂ ಬಾಯಲ್ಲಿ ನಗು ಉಕ್ಕುತ್ತದೆ. ತರಕಾರಿ ಅಂಗಡಿಯವಳಿಗೂ ಹೇಳಿದ್ದೇನೆ, 'ನನ್ನ ಗಂಡನಿಗೆ ಬದನೆಕಾಯಿ ಆಗಲ್ಲ' ಅಂತ. ಅವಳು 'ಆಯ್ತಮ್ಮ, ನಿನ್ನ ಗಂಡನಿಗೆ ನಾನೇನು ತಿನ್ನಿಸೋಕೆ ಹೋಗಲ್ಲ' ಅಂದಳು. ನಿಮ್ಮ ಮುಂದೆ ಅವರನ್ನು 'ಇವರು' ಎನ್ನಬೇಕು. ಮನೆಯಲ್ಲಿ ಏನೆನ್ನುತ್ತೇನೆ ಎಂದು ಕೇಳಬೇಡಿ. ಕನ್ನಡಕದ ಅಂಗಡಿಯಲ್ಲಿ ಕೂತು ಊರಿನವರಿಗೆಲ್ಲ ಕಣ್ಣು ಪರೀಕ್ಷೆ ಮಾಡುವ ಮನುಷ್ಯ, ನನ್ನ ಮುಖ ನೋಡುತ್ತಾ ಬಾಗಿಲಿಗೆ ಹಣೆ ಹೊಡೆಸಿಕೊಳ್ಳುತ್ತಾರೆ. ಹೀಗಿದೆ ನಮ್ಮ ಮನೆ. ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂದರೆ, ನಾನು ಮಾಡಿದ ಮೂರೂ ತಪ್ಪುಗಳನ್ನು ಇಂಥದೇ ಖುಷಿಯಲ್ಲಿ ಮಾಡಿದ್ದೇನೆ. ಕೋಪದಲ್ಲಿ ಮಾಡಿದ್ದರೆ ನೀವು ಅರ್ಥ ಮಾಡಿಕೊಳ್ಳುತ್ತಿದ್ದಿರೋ ಏನೋ. ನಗುನಗುತ್ತಾ ಮಾಡಿದೆ.

ನಿಮ್ಮ ಶೆಡ್ಡಿನ ಬಾಗಿಲಲ್ಲಿ ನಾನು ಮೊದಲ ಸಲ ಬಂದು ನಿಂತಾಗ ನನಗೆ ಏಳು ವರ್ಷ. ಎರಡು ಮನೆ ಆಚೆ ನಮ್ಮ ಬಾಡಿಗೆ ಮನೆ. ಅಮ್ಮ ಕೆಲಸದಿಂದ ಬರುವವರೆಗೆ ಎಲ್ಲಾದರೂ ಇರಬೇಕಿತ್ತು, ನಿಮ್ಮಲ್ಲಿ ಇದ್ದೆ. ನೀವು ತಗಡು ಕತ್ತರಿಸುವಾಗ ಬೀಳುವ ಚೂರುಗಳನ್ನು ಸ್ಕೇಲಿನಲ್ಲಿ ಅಳೆದು ಅಳೆದು ಸಾಲಾಗಿ ಜೋಡಿಸುತ್ತಿದ್ದೆ. 'ಇದು ಎಷ್ಟಿದೆ?' ಎಂದು ನೀವು ಕೇಳಿದರೆ ಎಲ್ಲದಕ್ಕೂ 'ಒಂದಿಂಚು!' ಎಂದು ಕೂಗುತ್ತಿದ್ದೆನಂತೆ. ಕೂಗಲೇಬೇಕಿತ್ತು. ಅಷ್ಟು ವರ್ಷದ ಸುತ್ತಿಗೆ ಸದ್ದಿಗೆ ನಿಮ್ಮ ಕಿವಿ ಆಗಲೇ ಅರ್ಧ ಹೋಗಿತ್ತು. ಹಾಗೆ ನಾನು ಇಂಚು ಆದೆ. ಅತ್ತೆ ಒಳಗಿನಿಂದ ಟೀ ತಂದಿಟ್ಟು, 'ನಿನ್ನ ಮಾವನಿಗೆ ನಾನು ಬೈದದ್ದು ಒಂದೂ ಕೇಳಿಸಿಲ್ಲ ಕಣೇ, ಅದಕ್ಕೇ ನಮ್ಮ ಸಂಸಾರ ಇಷ್ಟು ಚೆನ್ನಾಗಿದೆ' ಅನ್ನುತ್ತಿದ್ದರು. ನೀವು ಏನೂ ಕೇಳಿಸದೆ, 'ಹೌದು ಹೌದು, ಸಕ್ಕರೆ ಸ್ವಲ್ಪ ಜಾಸ್ತೀನೇ ಇರಲಿ' ಅನ್ನುತ್ತಿದ್ದಿರಿ.

ಬಕೆಟ್ಟು, ಆಲಿಕೆ, ಟ್ರಂಕು, ಗಿಡಕ್ಕೆ ನೀರು ಹಾಕುವ ಡಬ್ಬ, ಮಾಡಿನ ಅಂಚಿಗೆ ಕಟ್ಟುವ ಮಳೆನೀರಿನ ದೋಣಿ. ಚಪ್ಪಟೆ ಹಾಳೆ ನಿಮ್ಮ ಕೈಯಲ್ಲಿ ಮಡಿಸಿಕೊಂಡು ಹೊಟ್ಟೆ, ಕುತ್ತಿಗೆ, ಬಾಯಿ ಎಲ್ಲ ಪಡೆಯುವುದನ್ನು ನೋಡಿಯೇ ನನಗೆ ನಕ್ಷೆಯ ಹುಚ್ಚು ಹಿಡಿದದ್ದು. ಶಾಲೆಯಲ್ಲಿ ರೇಖಾಗಣಿತದ ಟೀಚರ್ ಬೋರ್ಡಿನ ಮೇಲೆ ಶಂಕು ಬರೆದು ಒದ್ದಾಡುವಾಗ, ಅದನ್ನು ಬಿಚ್ಚಿ ಹರಡಿದರೆ ಹೇಗಿರುತ್ತದೆ ಎಂದು ಇಡೀ ತರಗತಿಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ನಾನು ದಿನಾ ಆಲಿಕೆ ಹುಟ್ಟುವುದನ್ನು ನೋಡುತ್ತಿದ್ದೆನಲ್ಲ! ಯಾರಾದರೂ ಮಂಚದ ಕೆಳಗೆ ಇಡಲು ಟ್ರಂಕು ಬೇಕೆಂದರೆ ನೀವು ಅವರ ಮನೆಗೇ ಹೋಗಿ, ಟೇಪನ್ನು ಜೇಬಿನಿಂದ ತೆಗೆಯದೆ, ಮೊದಲು ಮಂಚದ ಸುತ್ತ ಒಂದು ಸುತ್ತು ಬರುತ್ತಿದ್ದಿರಿ. ಬಗ್ಗಿ ಗೋಡೆಯ ಕಡೆಯೂ ನೋಡುತ್ತಿದ್ದಿರಿ. 'ಮುಂದ್ಗಡೆ ಎಲ್ಲಾ ಚೆನ್ನಾಗೇ ಇರುತ್ತೆ ಇಂಚು. ಹಿಂದ್ಗಡೆ ಹೋಗಿ ನೋಡು, ಆಮೇಲೆ ಟೇಪು ಹಿಡಿ.' ಇದನ್ನು ನೀವು ನನಗೆ ನೂರು ಸಲ ಹೇಳಿದ್ದೀರಿ.

ಈಗ ಮೊದಲ ತಪ್ಪು.

ನಮ್ಮ ಊರು ಬೆಳೆಯುತ್ತಿದೆ. ಹಾಗೆಂದು ನಾನು ಕೆಲಸ ಮಾಡುವ ಯೋಜನಾ ಕಚೇರಿಯ ಗೋಡೆಯ ಮೇಲೇ ದೊಡ್ಡದಾಗಿ ಬರೆದಿದೆ. ಬೆಳೆಯುವ ಊರಿಗೆ ಹೊಸ ನಕ್ಷೆ ಬೇಕು, ನಕ್ಷೆಗೆ ಬಣ್ಣ ಬೇಕು. ಮನೆಗಳಿಗೆ ಹಳದಿ, ಅಂಗಡಿಗಳಿಗೆ ನೀಲಿ, ಕಾರ್ಖಾನೆಗೆ ನೇರಳೆ. ಮನೆಯೂ ಕಸುಬೂ ಒಟ್ಟಿಗಿದ್ದರೆ ಹಳದಿಯ ಮೇಲೆ ನೀಲಿ ಗೆರೆ. ಬಣ್ಣ ಹಾಕುವ ಮೊದಲು ಯಾರಾದರೂ ಬೀದಿ ಬೀದಿ ನಡೆದು, ಪ್ರತಿ ಮನೆಯ ಮುಂಭಾಗದಲ್ಲಿ ಏನಿದೆ, ಹಿಂಭಾಗದಲ್ಲಿ ಏನಿದೆ ಎಂದು ನೋಡಿ ಫಾರಂ ತುಂಬಬೇಕು. ನಿಮ್ಮ ಬೀದಿಗೆ ಹೋದದ್ದು ನಾನು. ಕೇಳಿ ಪಡೆದದ್ದು. 'ನಾನು ಆಡಿ ಬೆಳೆದ ಬೀದಿ ಸಾರ್, ಕಣ್ಣು ಮುಚ್ಕೊಂಡು ಮಾಡ್ತೀನಿ' ಎಂದು ಹಿರಿಯ ನಕ್ಷೆಗಾರರಿಗೆ ಹೇಳಿದ್ದೆ. ಹಾಗೇ ಮಾಡಿದೆ.

ಅವತ್ತು ಮೂರು ಗಂಟೆಗೆ ಇವರು ಗ್ರಂಥಾಲಯದ ಮೆಟ್ಟಿಲ ಬಳಿ ಕಾಯುತ್ತೇನೆ ಎಂದಿದ್ದರು. ಏನೋ ಮುಖ್ಯವಾದದ್ದು ಕೇಳಬೇಕು ಎಂದೂ ಹೇಳಿದ್ದರು. ಆ 'ಏನೋ' ಏನೆಂದು ನನಗೆ ಗೊತ್ತಿತ್ತು. ಬೆಳಗಿನಿಂದ ನೆಲದ ಮೇಲೆ ಕಾಲು ನಿಂತಿರಲಿಲ್ಲ. ಮುಂಭಾಗದ ಕಾಲಂ ನಿಯತ್ತಾಗಿ ತುಂಬಿದೆ. ಮೂವತ್ತೊಂದು ಮನೆ, ಒಂದೊಂದರ ಎದುರೂ ನಿಂತು ಬರೆದೆ. ಹಿಂಭಾಗ ನೋಡಬೇಕೆಂದರೆ ಬೀದಿಯ ತುದಿವರೆಗೂ ನಡೆದು, ಹಿಂದಿನ ಓಣಿಗೆ ಸುತ್ತಿ ಬರಬೇಕು. ಗಡಿಯಾರದಲ್ಲಿ ಎರಡೂವರೆ. ಮೊದಲ ಮನೆಯ ಹಿಂಭಾಗಕ್ಕೆ 'ವಸತಿ' ಎಂದು ಬರೆದೆ. ಎರಡನೆಯದಕ್ಕೆ 'ಮೇಲಿನಂತೆ' ಎಂದು ಬರೆದೆ. ಅಲ್ಲಿಂದ ಮೂವತ್ತೊಂದನೇ ಮನೆಯವರೆಗೆ ಒಂದೇ ಒಂದು ಉದ್ದ ಗೆರೆ ಎಳೆದೆ. ಸ್ಕೇಲು ಇಟ್ಟು ಎಳೆದೆ ಮಾವ, ನೀವು ಕಲಿಸಿದ ಹಾಗೆ, ಕೈ ಅಲುಗದೆ.

ನಿಮ್ಮದು ಹತ್ತೊಂಬತ್ತನೇ ಮನೆ. ಗೆರೆ ಅದರ ಮೇಲೆ ಹಾದು ಹೋಗುವಾಗ ನನಗೆ ಗೊತ್ತಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನಿಮ್ಮ ಸುತ್ತಿಗೆ ಸದ್ದು ಅಲ್ಲಿಗೇ ಕೇಳಿಸುತ್ತಿತ್ತು. ಸಂಜೆ ಮನೆಗೆ ಹೋಗಿ ಅದೊಂದನ್ನು ತಿದ್ದುತ್ತೇನೆ ಅಂದುಕೊಂಡೆ. ಮೂರು ಗಂಟೆಗೆ ಗ್ರಂಥಾಲಯದ ಮೆಟ್ಟಿಲ ಮೇಲೆ ಇವರು ಕೇಳಿದರು, ನಾನು ಅವರ ಮಾತು ಮುಗಿಯುವ ಮೊದಲೇ ಹೂಂ ಅಂದೆ. ಹತ್ತೊಂಬತ್ತನೇ ಮನೆ ಅಲ್ಲ, ನನ್ನ ಸ್ವಂತ ಮನೆಯ ದಾರಿಯೇ ಅವತ್ತು ನನಗೆ ಮರೆತಿತ್ತು. ಮರುದಿನ ಬೆಳಗ್ಗೆ ಫಾರಂ ಒಪ್ಪಿಸಿಬಿಟ್ಟೆ. ಕೆಳಗೆ ನನ್ನ ಸಹಿ: 'ಖುದ್ದು ನೋಡಿ ಬರೆಯಲಾಗಿದೆ.'

ಎರಡನೆಯದು ಇನ್ನೂ ಕೆಟ್ಟದ್ದು. ಮೊದಲನೆಯದು ಅಜಾಗರೂಕತೆ ಎಂದಾದರೂ ಹೇಳಬಹುದು.

ನಕ್ಷೆ ಸಿದ್ಧವಾಗಿ ಜನರ ಮುಂದೆ ಒಂದು ತಿಂಗಳು ಇಟ್ಟಿದ್ದರಲ್ಲ, ಸಭಾಂಗಣದಲ್ಲಿ. ಯಾರದಾದರೂ ಆಕ್ಷೇಪಣೆ ಇದ್ದರೆ ಬರೆದು ಕೊಡಲಿ ಎಂದು. ನೀವು ಬಂದಿರಿ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕನ್ನಡಕದ ಮುರಿದ ಕಾಲಿಗೆ ತಂತಿ ಕಟ್ಟಿಕೊಂಡು. ನಾನು ಮೇಜಿನ ಹಿಂದೆ ಕೂತು ಫೋನಿನಲ್ಲಿ ಮದುವೆಯ ಸೀರೆಯ ಅಂಚಿನ ವಿಷಯ ಮಾತಾಡುತ್ತಿದ್ದೆ.

'ಇಂಚು, ನಮ್ದು ಎಲ್ಲಿ?' ಎಂದಿರಿ. ಸಭಾಂಗಣವೆಲ್ಲ ತಿರುಗಿ ನೋಡಿತು. ನಿಮಗೆ ಕೇಳಿಸದ ಕಾರಣ ನೀವೂ ಗಟ್ಟಿಯಾಗೇ ಮಾತಾಡುತ್ತೀರಿ. ನಾನು ಎದ್ದು ಬಂದು ಬೆರಳಿಟ್ಟು ತೋರಿಸಿದೆ. 'ಯಾವ ಬಣ್ಣ?' 'ಹಳದಿ ಮಾವ!' 'ಹಳದಿ ಅಂದ್ರೆ ಒಳ್ಳೇದಾ, ಕೆಟ್ಟದ್ದಾ?' ಆಗ ನನಗೆ ಆ ಗೆರೆ ನೆನಪಾಯಿತು. ನಿಮ್ಮ ಜಾಗಕ್ಕೆ ನೀಲಿ ಗೆರೆ ಇರಬೇಕಿತ್ತು, ಇರಲಿಲ್ಲ. ಆ ಕ್ಷಣ ಹೇಳಿದ್ದರೆ ಒಂದು ಫಾರಂನಲ್ಲಿ ಮುಗಿಯುತ್ತಿತ್ತು. ಆದರೆ ಆ ಫಾರಂ ನೇರ ಹಿರಿಯ ನಕ್ಷೆಗಾರರ ಮೇಜಿಗೆ ಹೋಗುತ್ತದೆ. ಹಿಂದಿನ ಓಣಿಗೆ ನಾನು ಹೋಗಲೇ ಇಲ್ಲ ಎಂದು ಗೊತ್ತಾಗುತ್ತದೆ. ನನ್ನ ಮದುವೆಯ ರಜೆ ಇನ್ನೂ ಮಂಜೂರಾಗಿರಲಿಲ್ಲ. ನಲವತ್ತು ವರ್ಷದಿಂದ ಇರುವ ಶೆಡ್ಡು, ಯಾರು ಬಂದು ಏನು ಮಾಡುತ್ತಾರೆ ಅಂದುಕೊಂಡೆ.

'ಒಳ್ಳೇದು ಮಾವ. ಹಳದಿ ಅಂದ್ರೆ ಮನೆ' ಅಂದೆ.

'ಶೆಡ್ಡು?'

'ಅದೂ ಅದರಲ್ಲೇ ಬಂತು. ನೀವು ಆರಾಮಾಗಿ ಹೋಗಿ.'

ಹಾಗೆ ಹೇಳುವಾಗ ನನ್ನ ಮೊಣಕೈ ಆಕ್ಷೇಪಣೆ ಫಾರಂಗಳ ಕಟ್ಟಿನ ಮೇಲೇ ಊರಿತ್ತು. ನೀವು ಪಕ್ಕದಲ್ಲಿ ನಿಂತಿದ್ದ ಯಾರೋ ಅಪರಿಚಿತರಿಗೆ ನಕ್ಷೆ ತೋರಿಸಿ, 'ನಮ್ಮ ಹುಡುಗಿ ಹಾಕಿದ ಬಣ್ಣ. ನೋಡಿ, ಒಂದು ಕಡೆಯೂ ಗೆರೆ ದಾಟಿಲ್ಲ' ಅಂದಿರಿ. ಹೋಗುವಾಗ ನನ್ನ ತಲೆ ಸವರಿದಿರಿ. ನಾನು ಮತ್ತೆ ಫೋನಿಗೆ ಹೋಗಿ ಸೀರೆಯ ಅಂಚಿನ ಮಾತು ಮುಂದುವರಿಸಿದೆ. ಇದನ್ನು ಬರೆಯಬೇಕಾದ ಜಾಗದಲ್ಲೇ ಮೂರನೆಯ, ನಾಲ್ಕನೆಯ ಹಾಳೆಗಳು ಹರಿದದ್ದು.

ಓಣಿಯ ಆಚೆಗೆ ಹಳೇ ಇಟ್ಟಿಗೆ ಗೂಡಿನ ಖಾಲಿ ಜಾಗ ಇತ್ತಲ್ಲ, ನಾನು ಸೈಕಲ್ ಕಲಿತ ಜಾಗ. ಅದರ ಎರಡೂ ಕಡೆ ಹಳದಿ ಬಂದದ್ದರಿಂದ ಅಲ್ಲಿ ಆಗಲೇ ಎದ್ದು ನಿಂತು ಅನುಮತಿಗೆ ಕಾಯುತ್ತಿದ್ದ ಐದು ಮಹಡಿಗೆ ಅಡ್ಡಿಯಿರಲಿಲ್ಲ. ಅನುಮತಿ ಸಿಕ್ಕಿತು. ಮೂರನೇ ಮಹಡಿಯಲ್ಲಿ ನಮಗೊಂದು ಮನೆ ಸಿಕ್ಕಿತು. ಎಷ್ಟು ಕುಣಿದಾಡಿದೆ ಗೊತ್ತೇ? ಅಡುಗೆಮನೆಯ ಕಿಟಕಿಯಿಂದ ನೋಡಿದರೆ ನೇರ ಕೆಳಗೆ ನಿಮ್ಮ ಶೆಡ್ಡಿನ ಮಾಡು. 'ತವರುಮನೆ ಕಿಟಕಿಯಲ್ಲೇ ಸಿಕ್ತು' ಎಂದು ಇವರ ಕುತ್ತಿಗೆಗೆ ಜೋತುಬಿದ್ದಿದ್ದೆ. ಮದುವೆಗೆ ನೀವೂ ಅತ್ತೆಯೂ ಬಂದಿರಿ. ಬಣ್ಣದ ಕಾಗದದಲ್ಲಿ ಸುತ್ತಿದ ಉಡುಗೊರೆಗಳ ನಡುವೆ ನಿಮ್ಮದು ಮಾತ್ರ ಹಳೇ ಪತ್ರಿಕೆಯಲ್ಲಿ ಸುತ್ತಿತ್ತು. ತಗಡಿನ ಅಂಚೆ ಪೆಟ್ಟಿಗೆ! ಮಳೆನೀರು ಒಳಗೆ ಹೋಗದ ಹಾಗೆ ಇಳಿಜಾರಿನ ಮುಚ್ಚಳ, ಕೈ ತಾಗಿದರೂ ಗೀರದ ಹಾಗೆ ಸುತ್ತ ಮಡಿಸಿದ ಅಂಚು, ಅಡಿಯಲ್ಲಿ ಎಂದಿನಂತೆ ನಿಮ್ಮ ಮುದ್ರೆ ಮತ್ತು ಇಸವಿ. 'ಹೊಸ ಮನೆಗೆ ಒಳ್ಳೇ ಸುದ್ದಿ ಬರ್ತಾ ಇರಲಿ' ಅಂದಿರಿ. ಇವರು ಮರುದಿನವೇ ಅದನ್ನು ನಮ್ಮ ಬಾಗಿಲ ಪಕ್ಕ ಮೊಳೆ ಹೊಡೆದು ನೇತುಹಾಕಿದರು. ನಮ್ಮ ಮಹಡಿಯಲ್ಲಿ ಬೇರೆ ಯಾರ ಬಾಗಿಲಲ್ಲೂ ಅಂಥದಿಲ್ಲ. ಲಿಫ್ಟಿನಿಂದ ಇಳಿದವರಿಗೆಲ್ಲ ತೋರಿಸುತ್ತಿದ್ದೆ.

ಮೂರನೆಯ ತಪ್ಪಿಗೆ ಐದು ನಿಮಿಷವೂ ಹಿಡಿಯಲಿಲ್ಲ. ಒಂದು ಭಾನುವಾರ ನಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿ ಬಂದರು, ನಿವೃತ್ತ ಬ್ಯಾಂಕ್ ಮ್ಯಾನೇಜರು. ಕೈಯಲ್ಲಿ ರಟ್ಟಿನ ಫೈಲು. 'ಶಬ್ದದ ತೊಂದರೆ ಬಗ್ಗೆ ಒಂದು ಅರ್ಜಿ. ಎಲ್ಲ ಮನೆಯವರೂ ಹಾಕಿದ್ದಾರೆ, ಹೊಸ ಜೋಡಿ ಮಾತ್ರ ಬಾಕಿ' ಅಂದರು. ಮೊದಲ ಪುಟದಲ್ಲಿ ಮೋಟಾರು ಬೈಕಿನ ಹಾರ್ನು, ನೀರೆತ್ತುವ ಪಂಪು, ನಾಯಿ ಅಂತೆಲ್ಲ ಇತ್ತು. ಎರಡನೇ ಪುಟ ನಾನು ತಿರುಗಿಸಲಿಲ್ಲ. ಯಾಕೆ ಗೊತ್ತೇ ಮಾವ? ಸಹಿಯ ಪಕ್ಕದ ಕಾಲಂನಲ್ಲಿ 'ಗಂಡ-ಹೆಂಡತಿ ಇಬ್ಬರ ಹೆಸರು' ಎಂದಿತ್ತು. ನಮ್ಮಿಬ್ಬರ ಹೆಸರನ್ನು ಒಂದೇ ಸಾಲಿನಲ್ಲಿ ಬರೆಯುವ ಅವಕಾಶ ನನಗೆ ಅದುವರೆಗೂ ಸಿಕ್ಕಿರಲಿಲ್ಲ. ಚಂದದ ಪೆನ್ನು ಹುಡುಕಿ ತಂದು, ಅಕ್ಷರ ಗುಂಡಗೆ ಮಾಡಿ, ಮಧ್ಯೆ ಒಂದು ಪುಟ್ಟ ಗೆರೆ ಎಳೆದು ಬರೆದೆ. ಇವರ ಸಹಿಯನ್ನೂ ನಾನೇ ನಿಂತು ಹಾಕಿಸಿದೆ. 'ಎಷ್ಟು ಚೆನ್ನಾಗಿ ಕಾಣತ್ತೆ ಅಲ್ವಾ?' ಎಂದು ಕೇಳಿದೆ. ಕಾರ್ಯದರ್ಶಿಗಳೂ 'ಬಹಳ ಚೆನ್ನಾಗಿದೆಯಮ್ಮ' ಅಂದರು.

ಇಪ್ಪತ್ತು ದಿನ ಆದಮೇಲೆ ನೀವು ಮಾಡಿಕೊಟ್ಟ ಪೆಟ್ಟಿಗೆಗೆ ಮೊದಲ ಪತ್ರ ಬಂತು. ಬೇರೆಲ್ಲ ಫೋನಿನಲ್ಲೇ ಬರುತ್ತದಲ್ಲ, ಅದುವರೆಗೆ ಅದರೊಳಗೆ ಏನೂ ಬಿದ್ದಿರಲಿಲ್ಲ. ಒಳಗೆ ಕಾಗದ ಬಿದ್ದ ಟಪ್ ಎನ್ನುವ ಸದ್ದು ಕೇಳಿ ಬರಿಗಾಲಲ್ಲಿ ಓಡಿದೆ. ನಮ್ಮದೇ ಕಚೇರಿಯ ಲಕೋಟೆ. ನಿಮಗೆ ಕಳಿಸಿದ ನೋಟಿಸಿನ ನಕಲು. ದೂರು ಕೊಟ್ಟವರಿಗೆಲ್ಲ ಒಂದೊಂದು ಪ್ರತಿ. 'ಹತ್ತೊಂಬತ್ತನೇ ಮನೆಯ ಹಿಂಭಾಗದಲ್ಲಿ ವಸತಿ ವಲಯದ ನಿಯಮಕ್ಕೆ ವಿರುದ್ಧವಾಗಿ, ಸಮೀಕ್ಷೆಯ ನಂತರ ಆರಂಭಿಸಲಾದ ತಗಡಿನ ಕಾರ್ಯಾಗಾರವನ್ನು ಮೂವತ್ತು ದಿನದೊಳಗೆ ಮುಚ್ಚತಕ್ಕದ್ದು.' ಸಮೀಕ್ಷೆಯ ನಂತರವಂತೆ! ಆ ನಿಯಮ ನಿಮಗೆ ಯಾರೂ ಹೇಳಿರಲಾರರು, ನಾನೇ ಹೇಳುತ್ತೇನೆ. ಸಮೀಕ್ಷೆಯ ದಿನ ಕಸುಬು ಅಲ್ಲಿತ್ತು ಎಂದು ಫಾರಂನಲ್ಲಿ ಇದ್ದರೆ, ಹಳದಿಯೊಳಗೂ ಅದು ಮುಂದುವರಿಯಬಹುದು. ಫಾರಂನಲ್ಲಿ ಇಲ್ಲದಿದ್ದರೆ, ಆಮೇಲೆ ಕದ್ದುಮುಚ್ಚಿ ಶುರುವಾದದ್ದು ಎಂದು ಅರ್ಥ. ನಾನು ಹುಟ್ಟುವ ಮೊದಲಿನಿಂದ ಇದ್ದ ನಿಮ್ಮ ಶೆಡ್ಡು ನನ್ನ ಒಂದು ಗೆರೆಯಿಂದ ನಿನ್ನೆ ಮೊನ್ನೆಯದಾಯಿತು. ಕೊನೆಯ ಪುಟದಲ್ಲಿ ದೂರುದಾರರ ಪಟ್ಟಿ. ಹದಿನಾಲ್ಕನೆಯ ಸಾಲಿನಲ್ಲಿ ಗುಂಡಗಿನ ಅಕ್ಷರದಲ್ಲಿ ನಾವಿಬ್ಬರೂ, ಮಧ್ಯೆ ಪುಟ್ಟ ಗೆರೆ.

ಆ ಪಟ್ಟಿ ನಿಮಗೂ ಬಂದಿದೆ. ಅತ್ತೆ ಓದಿ ಹೇಳಿರುತ್ತಾರೆ. ಆಮೇಲೂ ನೀವು ನಮ್ಮ ಬಾಗಿಲಿಗೆ ಬರಲಿಲ್ಲ, ಫೋನು ಮಾಡಲಿಲ್ಲ, ಏನೇ ಇಂಚು ಇದು ಎಂದು ಕೇಳಲಿಲ್ಲ. ನಾನು ಹತ್ತು ದಿನದಿಂದ ಬಸ್ ನಿಲ್ದಾಣಕ್ಕೆ ಸುತ್ತು ದಾರಿಯಲ್ಲಿ ಹೋಗುತ್ತಿದ್ದೇನೆ, ನಿಮ್ಮ ಓಣಿ ತಪ್ಪಿಸಿ. ಮೊನ್ನೆ ಸೋಮವಾರ ಬೆಳಗ್ಗೆ ಅಡುಗೆಮನೆಯಲ್ಲಿ ನಿಂತಿದ್ದವಳಿಗೆ ಏನೋ ಬದಲಾಗಿದೆ ಅನ್ನಿಸಿತು. ಸುತ್ತಿಗೆಯ ಸದ್ದಿಲ್ಲ. ಮುಚ್ಚಿಯೇಬಿಟ್ಟಿರಾ ಎಂದು ಬಗ್ಗಿ ನೋಡಿದೆ.

ನೀವು ಶೆಡ್ಡಿನ ಬಾಗಿಲಲ್ಲಿ ಕೂತು ಬಕೆಟ್ಟಿನ ಅಂಚು ಬಡಿಯುತ್ತಿದ್ದಿರಿ. ಸುತ್ತಿಗೆಯ ತಲೆಗೆ ಹಳೇ ಟವೆಲ್ ಸುತ್ತಿ ದಾರ ಕಟ್ಟಿದ್ದಿರಿ. ಅತ್ತೆ ಓಣಿಯ ತುದಿಯಲ್ಲಿ, ನಮ್ಮ ಕಟ್ಟಡದ ಗೇಟಿನ ಹತ್ತಿರ ನಿಂತಿದ್ದರು. ನೀವು ಒಂದು ಪೆಟ್ಟು ಹಾಕಿ ಕತ್ತೆತ್ತಿ ಅವರನ್ನು ನೋಡುತ್ತಿದ್ದಿರಿ. ಅತ್ತೆ ಕೈ ಅಲ್ಲಾಡಿಸಿ ಕೇಳಿಸುತ್ತಿದೆ ಅಂದರೆ ಇನ್ನೂ ಮೆಲ್ಲಗೆ. ಮತ್ತೊಂದು ಪೆಟ್ಟು. ಮತ್ತೆ ಕತ್ತೆತ್ತಿ ನೋಡುವುದು. ನಿಮಗೆ ನಿಮ್ಮ ಸುತ್ತಿಗೆಯೇ ಕೇಳಿಸುವುದಿಲ್ಲವಲ್ಲ, ಮೂರನೇ ಮಹಡಿಯ ನಮಗೆ ಎಷ್ಟು ಕೇಳಿಸುತ್ತದೆ ಎಂದು ಅತ್ತೆಯ ಕೈ ನೋಡಿ ತಿಳಿದುಕೊಳ್ಳುತ್ತಿದ್ದಿರಿ. ಬಕೆಟ್ಟಿನ ಅಂಚು ಮಡಿಯುತ್ತಿರಲಿಲ್ಲ. ಟವೆಲ್ ಸುತ್ತಿದ ಸುತ್ತಿಗೆಗೆ ತಗಡು ಮಡಿಯುವುದಿಲ್ಲ ಎಂದು ನನಗೂ ಗೊತ್ತು. ಕೊನೆಗೆ ನೀವು ಬಕೆಟ್ಟನ್ನು ಪಕ್ಕಕ್ಕಿಟ್ಟು, ಬೋಳು ಅಂಚನ್ನು ಹೆಬ್ಬೆರಳಿನಿಂದ ಸವರುತ್ತಾ ಕೂತಿರಿ. ನಾನು ಕಿಟಕಿಯ ಕೆಳಗೆ ನೆಲದ ಮೇಲೆ ಕೂತುಬಿಟ್ಟೆ. ಒಲೆಯ ಮೇಲಿದ್ದ ಹಾಲು ಉಕ್ಕಿ ಹೋಯಿತು. ಇವರು ಓಡಿ ಬಂದು ಒಲೆ ಆರಿಸಿ, ನನ್ನ ಮುಖ ನೋಡಿ, 'ಯಾರು ಹೋದ್ರು?' ಎಂದು ಕೇಳಿದರು.

ಅವರಿಗೆ ಆಗ ಮೊದಲ ಸಲ ಎಲ್ಲ ಹೇಳಿದೆ. ಗೆರೆ, ಮೊಣಕೈ, ಪೆನ್ನು. ಮದುವೆಯಾದ ಮೇಲೆ ಅವರು ನನ್ನೆದುರು ನಗದೆ ಮಾತಾಡಿದ್ದು ಅದೇ ಮೊದಲು. 'ಸಹಿ ನಾನೂ ಓದದೇ ಹಾಕಿದೆ, ಅದು ಇಬ್ಬರದ್ದು. ಉಳಿದಿದ್ದು ನಿಂದೇ, ನೀನೇ ಹೋಗಿ ಹೇಳ್ಬೇಕು' ಅಂದರು. ಅವತ್ತೇ ಸಂಜೆ ಇಬ್ಬರೂ ಕಾರ್ಯದರ್ಶಿಗಳ ಮನೆಗೆ ಹೋಗಿ, ನಮ್ಮ ಹೆಸರು ವಾಪಸು ತೆಗೆದುಕೊಂಡದ್ದಾಗಿ ಬರೆದುಕೊಟ್ಟು ಬಂದೆವು. 'ನಿಮಗೆ ಶಬ್ದ ಇಷ್ಟ ಅಂದ್ರೆ ನಿಮ್ಮ ಮನೆಯೊಳಗೇ ಬಡಿಸ್ಕೊಳ್ಳಿ' ಎಂದರು ಅವರು. ಈಗ ಲಿಫ್ಟಿನಲ್ಲಿ ಯಾರೂ ಮಾತಾಡಿಸುವುದಿಲ್ಲ. ಮೆಟ್ಟಿಲು ಹತ್ತುತ್ತೇವೆ.

ನಿನ್ನೆ ಹಿರಿಯ ನಕ್ಷೆಗಾರರ ಮುಂದೆ ನಿಂತು ಫಾರಂನ ವಿಷಯ ಹೇಳಿದೆ. ಅವರು ಫೈಲು ತರಿಸಿ ನನ್ನ ಉದ್ದ ಗೆರೆಯ ಮೇಲೆ ಬೆರಳಾಡಿಸಿದರು. 'ಗೆರೆ ಮಾತ್ರ ಬಹಳ ನೀಟಾಗಿದೆ' ಅಂದರು. ಆಮೇಲೆ, 'ಮದುವೆ ಆಗಿ ಬುದ್ಧಿ ಬಂತೋ, ಇದ್ದದ್ದೂ ಹೋಯ್ತೋ? ಇದನ್ನ ಬರೆದು ಕೊಟ್ಟರೆ ನಿನ್ನ ಕೆಲಸಕ್ಕೇ ಕುತ್ತು ಬರುತ್ತೆ, ಗೊತ್ತು ತಾನೆ?' ಎಂದು ಕೇಳಿದರು. ಗೊತ್ತು ಸಾರ್ ಅಂದೆ. ಬರೆದು ಕೊಟ್ಟೆ. ಹತ್ತೊಂಬತ್ತನೇ ಮನೆಯ ಹಿಂಭಾಗವನ್ನು ನಾನು ನೋಡಲಿಲ್ಲ, ನೋಡಿದ್ದೇನೆಂದು ಸುಳ್ಳು ಸಹಿ ಹಾಕಿದೆ, ಅಲ್ಲಿ ತಗಡಿನ ಕೆಲಸ ನಡೆಯುತ್ತಿರುವುದು ನನಗೆ ಏಳನೇ ವಯಸ್ಸಿನಿಂದಲೂ ಗೊತ್ತು. ಕೆಳಗೆ ಮತ್ತೆ ನನ್ನ ಸಹಿ ಹಾಕಿದೆ. ಮುಂದಿನ ವಾರ ನನ್ನನ್ನು ಕೆಲಸದಲ್ಲಿ ಉಳಿಸುತ್ತಾರೋ ಬಿಡುತ್ತಾರೋ ತಿಳಿಯದು. ಅದನ್ನು ನಿಮ್ಮ ತಲೆಗೆ ಹಚ್ಚಿಕೊಳ್ಳಬೇಡಿ. ದಯವಿಟ್ಟು ಅದಕ್ಕಾಗಿ ನನ್ನನ್ನು ಸಮಾಧಾನ ಮಾಡಲು ಬರಬೇಡಿ, ನೀವು ಬರುವವರೇ.

ನಾಡಿದ್ದು ಶುಕ್ರವಾರ ಹನ್ನೊಂದು ಗಂಟೆಗೆ ನಿಮ್ಮ ನೋಟಿಸಿನ ವಿಚಾರಣೆ ಇದೆ. ಮೇಲ್ಮನವಿಯನ್ನು ನಾನು ತುಂಬಿ ಇಟ್ಟಿದ್ದೇನೆ, ನೀವು ಸಹಿ ಹಾಕಿದರೆ ಸಾಕು. ನನ್ನ ಹೇಳಿಕೆಯೊಂದೇ ಸಾಲದಂತೆ. ಶೆಡ್ಡು ಹಳೆಯದು ಎನ್ನಲು ವಸ್ತುವಿನ ಸಾಕ್ಷಿಯೂ ಬೇಕಂತೆ. ಇದೆ ಮಾವ! ಎಂಟನೇ ಹುಟ್ಟುಹಬ್ಬಕ್ಕೆ ನೀವು ಮಾಡಿಕೊಟ್ಟ ಪೆನ್ಸಿಲ್ ಡಬ್ಬಿ ಇನ್ನೂ ನನ್ನ ಹತ್ತಿರ ಇದೆ. ಅಡಿಯಲ್ಲಿ ನಿಮ್ಮ ಮುದ್ರೆ, ಇಸವಿ, ಬೀದಿಯ ಹೆಸರು. ಅದರ ಪಕ್ಕದಲ್ಲಿ ಅಂಚೆ ಪೆಟ್ಟಿಗೆಯನ್ನೂ ಇಡುತ್ತೇನೆ, ಎರಡೂ ಮುದ್ರೆ ಒಂದೇ ಎಂದು ಅವರು ಹೋಲಿಸಿ ನೋಡಲಿ. ಇವರು ಇವತ್ತು ಪೆಟ್ಟಿಗೆಯನ್ನು ಗೋಡೆಯಿಂದ ಬಿಚ್ಚಿದ್ದಾರೆ. ಇಷ್ಟಾದರೂ ಗೆಲ್ಲುತ್ತೀರಿ ಎಂದು ನಾನು ಮಾತು ಕೊಡಲಾರೆ. 'ನೋಡೋಣ' ಎಂದಷ್ಟೇ ಹಿರಿಯ ನಕ್ಷೆಗಾರರು ಹೇಳಿದ್ದು. 'ಆರಾಮಾಗಿ ಹೋಗಿ' ಎಂದು ಇನ್ನೊಂದು ಸಲ ನಿಮಗೆ ಹೇಳುವ ಧೈರ್ಯ ನನಗಿಲ್ಲ.

ಈ ಪತ್ರವನ್ನು ಹೇಗೆ ತಲುಪಿಸುವುದು ಎಂದು ಬಹಳ ಯೋಚಿಸಿದೆ. ಊರಿಗೆಲ್ಲ ಅಂಚೆ ಪೆಟ್ಟಿಗೆ ಮಾಡಿಕೊಡುವ ನಿಮ್ಮ ಬಾಗಿಲಿಗೇ ಒಂದಿಲ್ಲ. ಬಾಗಿಲ ಸಂದಿನಲ್ಲಿ ತಳ್ಳಿ ಬರೋಣ ಅಂದುಕೊಂಡೆ. ಆಮೇಲೆ ಇನ್ನೊಂದು ಉಪಾಯ ಹೊಳೆಯಿತು. ನಿಮ್ಮ ಹೊಸ ಕನ್ನಡಕ ಸಿದ್ಧವಾಗಿ ಹತ್ತು ದಿನವಾಯಿತು. ಮದುವೆಯಲ್ಲಿ ನಿಮ್ಮ ತಂತಿಯ ಕನ್ನಡಕ ನೋಡಿ ಇವರೇ ಆಮೇಲೆ ಬಂದು ಕಣ್ಣಿನ ನಂಬರು ತೆಗೆದುಕೊಂಡು ಹೋಗಿದ್ದರಲ್ಲ, ಅದು. 'ನಾನೇ ಕೊಟ್ಟು ಬರ್ತೀನಿ' ಎಂದು ತೆಗೆದುಕೊಂಡವಳು, ಮುಖ ತೋರಿಸಲಾಗದೆ ಇವತ್ತಿನವರೆಗೂ ನನ್ನ ಕೈಚೀಲದಲ್ಲೇ ಇಟ್ಟುಕೊಂಡು ತಿರುಗುತ್ತಿದ್ದೇನೆ. ಕನ್ನಡಕವನ್ನೂ ಪತ್ರವನ್ನೂ ಒಟ್ಟಿಗೆ ನಿಮ್ಮ ಕೈಗಿಟ್ಟು, ನೀವು ಓದಲು ಶುರು ಮಾಡುವ ಮೊದಲೇ ಓಡಿಬಂದುಬಿಡುವುದು. ಇವತ್ತು ಬೆಳಗಿನವರೆಗೂ ಇದೇ ನನ್ನ ಲೆಕ್ಕಾಚಾರ.

ಇಲ್ಲ. ಹಾಗೆ ಮಾಡುವುದಿಲ್ಲ. ನಾಳೆ ಬೆಳಗ್ಗೆ ಬರುತ್ತೇನೆ, ಸುತ್ತು ದಾರಿಯಲ್ಲಲ್ಲ, ಓಣಿಯಲ್ಲೇ. ಪತ್ರ ಓದಿ ಮುಗಿಯುವವರೆಗೆ ಕನ್ನಡಕ ಚೀಲದಲ್ಲೇ ಇರುತ್ತದೆ, ನೀವೇ ಓದಿಕೊಳ್ಳಲು ಬಿಡುವುದಿಲ್ಲ. ಪತ್ರ ನಾನೇ ಓದುತ್ತೇನೆ. ಮೆಲ್ಲಗೆ ಓದಿದರೆ ನಿಮಗೆ ಕೇಳಿಸುವುದಿಲ್ಲ, ಹಾಗಾಗಿ ಸಭಾಂಗಣದಲ್ಲಿ ನೀವು ನನ್ನನ್ನು ಹೊಗಳಿದಷ್ಟೇ ಗಟ್ಟಿಯಾಗಿ ಓದಬೇಕು. ಶೆಡ್ಡಿನ ಬಾಗಿಲಲ್ಲಿ ನಿಂತು ಓದುತ್ತೇನೆ. ಮೇಲೆ ಸಾಲು ಸಾಲು ಬಾಲ್ಕನಿಗಳು, ಬೆಳಗಿನ ಹೊತ್ತು ಎಲ್ಲರೂ ಬಟ್ಟೆ ಒಣಗಿಸಲು ಬಂದಿರುತ್ತಾರೆ. ಬರಲಿ. ಅತ್ತೆಗೆ ಒಂದು ಕೆಲಸ ಹೇಳಿ ಮಾವ. ಮೊನ್ನೆ ನಿಂತಿದ್ದ ಹಾಗೇ ಓಣಿಯ ತುದಿಗೆ, ನಮ್ಮ ಗೇಟಿನ ಹತ್ತಿರ ಹೋಗಿ ನಿಲ್ಲಲಿ. ಅಲ್ಲಿಗೂ ಕೇಳಿಸುತ್ತಿದೆಯೇ ಎಂದು ಕೈ ಮಾಡಿ ತೋರಿಸಲಿ. ಕೇಳಿಸದಿದ್ದರೆ ಮೊದಲಿನಿಂದ, ಇನ್ನೂ ಗಟ್ಟಿಯಾಗಿ ಓದುತ್ತೇನೆ.

ಆಶೀರ್ವಾದ ಕೇಳುವ ಮುಖ ನನಗಿಲ್ಲ. ನಿಮ್ಮ ಸುತ್ತಿಗೆಯ ಟವೆಲ್ ಬೇಗ ಬಿಚ್ಚಲಿ, ನಮ್ಮ ಮೂರನೇ ಮಹಡಿಯ ಕಿಟಕಿ ಅದರ ಸದ್ದಿಗೆ ದಿನಾ ಅದುರಲಿ ಎಂದು ನಾನೇ ನಿಮಗೆ ಹಾರೈಸುತ್ತೇನೆ.

ಹಿಂದ್ಗಡೆ ಹೋಗಿ ನೋಡದ,
ನಿಮ್ಮ ಇಂಚು